ಕುಷ್ಟಗಿಯಲ್ಲಿ ಕೂತು ಕೊಪ್ಪಳದ ಡಿಸ್ಕ್ ಓದಿದ್ದು

ಸ್ವಲ್ಪ ತಡೆಯಿರಿ. ಕೈಯಲ್ಲಿರುವ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ, ಇದೊಂದನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಹೋಗಿ.

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಡೇಟಾ ಸೆಂಟರಿನಲ್ಲಿ ಕೆಲಸ ಸಿಕ್ಕಿತು ಅಂತ ಪೇಡೆ ಕೊಡಲು ಬಂದಿದ್ದಳು. ನಾನೂ ಇದೇ ಕೆಲಸ ಮಾಡಿ ನಿವೃತ್ತನಾದವನು ಎಂದೆ. ಅವಳು ನಕ್ಕುಬಿಟ್ಟಳು. "ನಿಮ್ಮ ಕಾಲದಾಗ ನೆಟ್‌ವರ್ಕ್ ಎಲ್ಲಿತ್ತು ಬಿಡ್ರಿ ಕಾಕಾ!"

ಇತ್ತಮ್ಮಾ, ಇತ್ತು. ಎಂಬತ್ತರ ದಶಕದ ಕೊನೆಗೆ ಇದೇ ಕೊಪ್ಪಳದಲ್ಲಿ ಇತ್ತು. ಒಂದು ಊರಿನ ಡಿಸ್ಕಿನಲ್ಲಿ ಇರುವುದನ್ನು ಇನ್ನೊಂದು ಊರಿನ ಪರದೆಯ ಮೇಲೆ ತಂತಿಯ ಮೂಲಕ ಎಳೆದು ಓದುತ್ತಿದ್ದೆವು. ಇವತ್ತು ನೀವು ಮಾಡುವುದೂ ಅದನ್ನೇ. ತಂತಿ ಬದಲಾಗಿದೆ, ಹೆಸರು ಬದಲಾಗಿದೆ. ಕೆಲಸ ಕೆಟ್ಟಾಗ ಯಾರ ಮೇಲೆ ತಪ್ಪು ಹೊರಿಸುತ್ತಾರೆ ಅನ್ನುವುದು ಮಾತ್ರ ಬದಲಾಗಿಲ್ಲ. ಅದಕ್ಕೇ ಇದನ್ನು ಟೈಪ್ ಮಾಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಕೆಲಸ ಹೇಗಿತ್ತು ಅಂತ ಹೇಳುತ್ತೇನೆ.

ನಾನು ಕಂಪ್ಯೂಟರ್ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಕೊಪ್ಪಳದ ಗಡಿಯಾರ ಕಂಬದ ಬದಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ರದ್ದಿಗೆ ಬಂದ ಇಂಗ್ಲಿಷ್ ಪತ್ರಿಕೆಗಳಲ್ಲಿ ಸರ್ಕಿಟ್ ಚಿತ್ರ ಕಂಡರೆ ಸಾಕು, ಹರಿದು ಇಟ್ಟುಕೊಳ್ಳುತ್ತಿದ್ದೆ. ಅರ್ಥವಾಗದ್ದನ್ನು ನಾಲ್ಕು ಸಲ ಓದುವುದು, ಆಗಲೂ ಆಗದಿದ್ದರೆ ಬಿಚ್ಚಿ ನೋಡುವುದು. ಅಷ್ಟೇ ನನ್ನ ವಿದ್ಯೆ.

ಆಗ ನಮ್ಮ ಊರಿನಲ್ಲಿ ಒಂದು ಬೀಜದ ಸಂಸ್ಥೆ ಇತ್ತು. ಹೆಸರು ಬೇಡ. ರೈತರಿಂದ ಹೈಬ್ರಿಡ್ ಸಜ್ಜೆ, ಸೂರ್ಯಕಾಂತಿ, ಹತ್ತಿ ಬೀಜ ಬೆಳೆಸಿ, ಪರೀಕ್ಷೆ ಮಾಡಿ, ಚೀಲ ಹೊಲಿದು ಮಾರುವುದು ಅವರ ಕೆಲಸ. ಅಲ್ಲಿಗೆ ಕಂಪ್ಯೂಟರ್ ಬಂತು, ನೋಡಿಕೊಳ್ಳಲು ಜನ ಬೇಕು ಅಂತ ಸುದ್ದಿ ಹಬ್ಬಿತು. ಓಡಿದೆ. ಮೇಜಿನ ಆಚೆ ಇಬ್ಬರು ಕೂತಿದ್ದರು. ಒಬ್ಬರು ಮ್ಯಾನೇಜರ್ ದೇಸಾಯಿ ಸಾಹೇಬರು. ಇನ್ನೊಬ್ಬರು ಮಷಿನ್ ಜೋಡಿಸಲು ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ರಾವ್.

"ಎಲ್ಲೀ ಮಟಾ ಓದೀಯೋ?" ಎಂದರು ದೇಸಾಯಿ ಸಾಹೇಬರು.

"ಪಿಯುಸಿ ಫೇಲ್ ರಿ."

"ಮತ್ತ ಏನ್ ಬರತೈತಿ ನಿನಗ?"

"ಕೆಟ್ಟಿದ್ದು ಚಾಲು ಮಾಡಾಕ ಬರತೈತ್ರಿ."

"ಚಾಲು ಇದ್ದದ್ದು ಕೆಡಸಾಕ ಬರತೈತೇನು?"

"ಅದಕ್ಕ ಮ್ಯಾಲಿನವ್ರು ಅದಾರಲ್ರಿ."

ಬಾಯಿಂದ ಬಂದುಹೋಯಿತು. ದೇಸಾಯಿ ಸಾಹೇಬರ ಮುಖ ಕೆಂಪಾಯಿತು. ರಾವ್ ಮಾತ್ರ ಟೇಬಲ್ ಬಡಿದು ನಕ್ಕರು. ಮಷಿನ್ ವಿಷಯದಲ್ಲಿ ಅವರ ಮಾತು ನಡೆಯುತ್ತಿತ್ತು, ಹಾಗಾಗಿ ಕೆಲಸ ಸಿಕ್ಕಿತು. ಆದರೆ ಆ ಒಂದು ಮಾತನ್ನು ದೇಸಾಯಿ ಸಾಹೇಬರು ಕೊನೆಯವರೆಗೂ ಮನಸ್ಸಿನಲ್ಲಿ ಇಟ್ಟುಕೊಂಡರು.

ಡಿಸ್ಕ್ ಅಂದರೆ ಆಗ ಅಂಗೈಯಲ್ಲಿ ಹಿಡಿಯುವ ವಸ್ತುವಲ್ಲ. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ತಟ್ಟೆ ತಿರುಗುವ ಸದ್ದು ಹೊರಗಿನ ಪಡಸಾಲೆಗೆ ಕೇಳುತ್ತಿತ್ತು. ನಿಮ್ಮ ಫೋನಿನಲ್ಲಿರುವ ಹಾಡುಗಳಲ್ಲಿ ಕೈಬೆರಳೆಣಿಕೆಯಷ್ಟು ಅದರಲ್ಲಿ ಹಿಡಿಸುತ್ತಿದ್ದವೋ ಏನೋ. ಅದಕ್ಕೊಂದು ಎ.ಸಿ. ಕೋಣೆ. ಇಡೀ ಆಫೀಸಿನಲ್ಲಿ ತಂಪಾಗಿದ್ದ ಜಾಗ ಅದೊಂದೇ. ಕೊಪ್ಪಳದ ಬಿಸಿಲು ಗೊತ್ತಲ್ಲ, ಎಲ್ಲರಿಗೂ ಆ ಕೋಣೆಯ ಮೇಲೇ ಕಣ್ಣು. ಒಬ್ಬರು ಮೊಸರಿನ ಗಡಿಗೆ ತಂದು ಇಡುವುದು, ಇನ್ನೊಬ್ಬರು ಬೆಣ್ಣೆ. ನಾಗರ ಪಂಚಮಿಯ ಹೊತ್ತಿಗೆ ದೇಸಾಯಿ ಸಾಹೇಬರ ಮನೆಯಿಂದ ಒಂದು ದೊಡ್ಡ ಡಬ್ಬಿ ಉಂಡಿ ಬಂತು. ಶೇಂಗಾ ಉಂಡಿ, ಎಳ್ಳಿನ ಉಂಡಿ, ಎಲ್ಲ ಬೆಲ್ಲದ್ದು. ಸಾಹೇಬರು ಅದನ್ನು ಜೋಪಾನವಾಗಿ ಮೋಡೆಮ್ಮಿನ ಹಿಂದೆ ಇಡಿಸಿದರು. ಮೋಡೆಮ್ ಅಂದರೆ ಕಂಪ್ಯೂಟರಿನ ಮಾತನ್ನು ಟೆಲಿಫೋನ್ ತಂತಿಗೆ ಒಪ್ಪುವ ಸದ್ದು ಮಾಡಿ ಕಳಿಸುವ ಪೆಟ್ಟಿಗೆ.

ಹಬ್ಬ ಮುಗಿಸಿ ಬಂದು ನೋಡಿದರೆ ಲೈನು ಸತ್ತಿದೆ. ರಾವ್ ಹೈದರಾಬಾದಿನಿಂದ ಓಡಿ ಬಂದು ಮೋಡೆಮ್ ಬಿಚ್ಚಿದರು. ಒಳಗೆ ಇರುವೆಗಳ ಮೆರವಣಿಗೆ! ಕೆಂಪಿರುವೆಗಳು ಬೋರ್ಡಿನ ಮೇಲೆ ಸಂಸಾರ ಹೂಡಿವೆ. ರಾವ್ ತಲೆ ಮೇಲೆ ಕೈಹೊತ್ತು, "ಏನ್ರಪ್ಪಾ ಇದು, ಎ.ಸಿ. ಯಾರಿಗೆ ಹಾಕಿದ್ದು, ಉಂಡಿಗೋ ಡಿಸ್ಕಿಗೋ?" ಎಂದರು. ಸಾಹೇಬರು ನನ್ನ ಕಡೆ ತಿರುಗಿ, "ಯಾರೋ ಇದು ಇಟ್ಟಾಂವ? ಬುದ್ಧಿ ಐತಿಲ್ಲೋ?" ಎಂದು ನನ್ನನ್ನೇ ಗದರಿದರು. ನಾನು ಉಂಡಿ ಡಬ್ಬಿಯನ್ನು ಎತ್ತಿ, ಮುಚ್ಚಳದ ಮೇಲೆ ಕೆತ್ತಿಸಿದ್ದ ಅವರ ಮನೆತನದ ಹೆಸರು ಎಲ್ಲರಿಗೂ ಕಾಣುವ ಹಾಗೆ, ಅವರ ಟೇಬಲ್ಲಿನ ಮೇಲೆ ಇಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬೀಜದ ಕೆಲಸದಲ್ಲಿ ರೈತನ ಪ್ರಾಣ ಎಲ್ಲಿರುತ್ತದೆ ಗೊತ್ತೇ? ಮೊಳಕೆ ಪರೀಕ್ಷೆಯಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ರೈತರು ರಾಶಿ ಮಾಡಿ ಚೀಲಗಳನ್ನು ಕುಷ್ಟಗಿಯ ಡಿಪೋದಲ್ಲಿ ಇಳಿಸುತ್ತಿದ್ದರು. ಅದರಿಂದ ಒಂದು ಹಿಡಿ ಸ್ಯಾಂಪಲ್ ಕೊಪ್ಪಳದ ಲ್ಯಾಬಿಗೆ ಬರುತ್ತಿತ್ತು. ಮೊಳಕೆ ಚೆನ್ನಾಗಿ ಬಂದರೆ ಆ ರಾಶಿ ಪಾಸು, ಅದು ಬೀಜ. ಇಲ್ಲದಿದ್ದರೆ ಫೇಲು, ಅದು ಬರೀ ಕಾಳು, ಬಜಾರಿನಲ್ಲಿ ಕಾಳಿನ ರೇಟಿಗೆ ಹೋಗಬೇಕು. ಒಂದು ಹಂಗಾಮು ಹೆಂಗಸರು ಮಕ್ಕಳು ಸೇರಿ ದುಡಿದದ್ದೆಲ್ಲ ಆ ಒಂದು ಮಾತಿನ ಮೇಲೆ ನಿಂತಿರುತ್ತಿತ್ತು.

ಮೊದಲು ಆ ಮಾತು ಕಾಗದದಲ್ಲಿ, ದೇಸಾಯಿ ಸಾಹೇಬರ ಸಹಿಯಾಗಿ, ಬಸ್ಸಿನ ಟಪಾಲಿನಲ್ಲಿ ಹೋಗುತ್ತಿತ್ತು. ಯಾವಾಗ ಸಹಿ ಆಗುತ್ತದೋ ದೇವರಿಗೇ ಗೊತ್ತು. ಹಾಗಾಗಿ ರೈತರು ಬಸ್ ಹತ್ತಿ ಕೊಪ್ಪಳಕ್ಕೆ ಬಂದು ಸಾಹೇಬರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬರುವಾಗ ಸುಮ್ಮನೆ ಬರುತ್ತಿರಲಿಲ್ಲ, ತುಪ್ಪವೋ ಅವರೆಯೋ ಏನೋ ಒಂದು ಚೀಲದಲ್ಲಿ ಇರುತ್ತಿತ್ತು.

ಲೈನು ಬಂದ ಮೇಲೆ ಇದು ತಿರುಗಿಬಿತ್ತು. ಲ್ಯಾಬಿನವರು ಫಲಿತಾಂಶವನ್ನು ನೇರವಾಗಿ ಕೊಪ್ಪಳದ ಡಿಸ್ಕಿಗೆ ಹಾಕುತ್ತಿದ್ದರು. ಗಂಗಾವತಿಗೆ ಒಂದು, ಕುಷ್ಟಗಿಗೆ ಒಂದು ಮಷಿನ್ ಕೊಟ್ಟಿದ್ದರು. ಅವಕ್ಕೆ ತಮ್ಮದೇ ಆದ ಡಿಸ್ಕ್ ಇಲ್ಲ. ಪ್ರೋಗ್ರಾಂ ಹಾಕಲು ಒಂದು ಫ್ಲಾಪಿ, ಉಳಿದದ್ದೆಲ್ಲ ಟೆಲಿಫೋನ್ ಇಲಾಖೆಯಿಂದ ಬಾಡಿಗೆಗೆ ತಂದ ಲೈನಿನ ಮೇಲೆ ಕೊಪ್ಪಳದಿಂದ ಓದಬೇಕು. ಸೆಕೆಂಡಿಗೆ ಸಾವಿರದ ಇನ್ನೂರು ಬಿಟ್. ನಗಬೇಡಿ. ಆ ಕಾಲಕ್ಕೆ ಅದು ಕುದುರೆ. ದೇಸಾಯಿ ಸಾಹೇಬರು 'ಹೈ ಸ್ಪೀಡ್ ಡೇಟಾ ಲೈನ್' ಎಂದು ಕೆಂಪಕ್ಷರದಲ್ಲಿ ಬೋರ್ಡು ಬರೆಸಿ ತಮ್ಮ ಕೋಣೆಯ ಹೊರಗೆ ತೂಗುಹಾಕಿದ್ದರು.

ಕುಷ್ಟಗಿ ಡಿಪೋದಲ್ಲಿ ಮಷಿನ್ ಮುಂದೆ ಕೂತವರು ಶರಣಮ್ಮ. ನನಗಿಂತ ಸ್ವಲ್ಪ ಹಿರಿಯರು, ಡಿಪೋದ ಕ್ಲಾರ್ಕ್. ರೈತರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಇವರು ಕಿಟಕಿಯಿಂದ ಪರದೆ ನೋಡಿ ಗಟ್ಟಿಯಾಗಿ ಓದುತ್ತಿದ್ದರು. ಯಾರ ರಾಶಿ ಪಾಸು, ಯಾರದು ಫೇಲು, ಎಷ್ಟು ಮೊಳಕೆ. ಲ್ಯಾಬಿನಲ್ಲಿ ಹಾಕಿದ್ದು ಬೆಳಿಗ್ಗೆ, ಕಟ್ಟೆಯ ಮೇಲೆ ಕೇಳಿದ್ದು ಮಧ್ಯಾಹ್ನ. ಕೊಪ್ಪಳದ ಬಸ್ಸು ಹತ್ತುವ ಕೆಲಸವೇ ಇಲ್ಲ. ಸಾಹೇಬರ ಬಾಗಿಲು ಖಾಲಿಯಾಯಿತು. ಸಾಹೇಬರಿಗೆ ಅದು ಹಿಡಿಸಲಿಲ್ಲ ಎಂದು ನಾನು ಹೇಳಬೇಕಾಗಿಲ್ಲ.

ಆದರೆ ಅವರಿಗೆ ಒಂದು ಹಿಡಿಕೆ ಸಿಕ್ಕಿತು. ಗಂಗಾವತಿಯಲ್ಲಿ ಲೈನು ಕನ್ನಡಿಯ ಹಾಗೆ ಓದಿಸುತ್ತಿತ್ತು. ಕುಷ್ಟಗಿಯಲ್ಲಿ ಬೆಳಿಗ್ಗೆ ಸರಿಯಿದ್ದದ್ದು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಹುಚ್ಚು ಹಿಡಿದಂತೆ ಆಡುತ್ತಿತ್ತು. ಹೆಸರು ಇರಬೇಕಾದಲ್ಲಿ ಚುಕ್ಕಿ, ಬಾಣ, ಅರ್ಧ ಚಂದ್ರ, ಏನೇನೋ. ರಾವ್ ಮೋಡೆಮ್ ಬದಲಿಸಿದರು, ಹಾಗೇ. ಗಂಗಾವತಿಯ ಮಷಿನ್ನನ್ನೇ ತಂದು ಕುಷ್ಟಗಿಯಲ್ಲಿ ಇಟ್ಟರು, ಹಾಗೇ.

"ಗಂಗಾವತಿ ಮಂದಿ ನೋಡೋ, ಶಾಣ್ಯಾರು," ಎಂದರು ದೇಸಾಯಿ ಸಾಹೇಬರು. "ಈ ಕುಷ್ಟಗಿ ಯಲಬುರ್ಗಾದವ್ರ ಕೈಯಾಗ ಮಷಿನ್ ಕೊಟ್ಟದ್ದ ತಪ್ಪಾತು. ಅದರಾಗ ಆ ಹೆಣ್ಮಗಳು ಏನ್ ಒತ್ತತಾಳೋ ಏನ್ ಬಿಡತಾಳೋ."

ರಿಪೋರ್ಟಿನಲ್ಲೂ ಅದನ್ನೇ ಬರೆದರು: ಆಪರೇಟರ್ ತಪ್ಪು. ಬೆಂಗಳೂರಿನ ಹೆಡ್ ಆಫೀಸಿನಿಂದ ಅಧಿಕಾರಿಗಳು ಬಂದು ಕುಷ್ಟಗಿಯಲ್ಲಿ ಕಣ್ಣಾರೆ ನೋಡುವುದೆಂದು ಗೊತ್ತಾಯಿತು. ಅವರ ಮುಂದೆ ಸರಿಯಾಗಿ ಓದಿಸದಿದ್ದರೆ ಮಷಿನ್ ವಾಪಸ್. ಶರಣಮ್ಮ ಕೊಪ್ಪಳದ ಗೋದಾಮಿಗೆ, ಚೀಲ ಹೊಲಿಯುವ ವಿಭಾಗಕ್ಕೆ. ಯಲಬುರ್ಗಾಕ್ಕೆ ಅಂತ ತರಿಸಿದ್ದ ಮಷಿನ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ಅದನ್ನು ಬಿಚ್ಚುವುದೇ ಇಲ್ಲ. ರೈತರು ಮತ್ತೆ ಬಸ್ ಹತ್ತಿ ಬಾಗಿಲಿಗೆ.

ನನಗೆ ರೇಗಿಹೋಯಿತು. ಶರಣಮ್ಮನ ಬೆರಳು ನಾನು ನೋಡಿದ್ದೆ, ಅವರು ತಪ್ಪು ಒತ್ತುವವರಲ್ಲ. ರೇಡಿಯೋ ಅಂಗಡಿಯಿಂದ ನನ್ನ ಹಳೇ ಹೆಡ್‌ಫೋನ್ ತಂದು, ಸಾಹೇಬರಿಗೆ ಹೇಳಿಯೂ ಹೇಳದ ಹಾಗೆ ಕುಷ್ಟಗಿ ಬಸ್ಸು ಹತ್ತಿದೆ.

"ನಾ ಯಾವ ಬಟನ್ ತಪ್ಪು ಒತ್ತೀನಿ ಅಂತ ನೋಡಾಕ ಬಂದಿಯೇನ್ ತಮ್ಮಾ?" ಎಂದರು ಶರಣಮ್ಮ, ನನ್ನ ಮುಖ ಕಂಡ ಕೂಡಲೇ.

"ಇಲ್ಲಕ್ಕಾ. ಲೈನು ಏನ್ ಅನ್ನತೈತಿ ಅಂತ ಕೇಳಾಕ ಬಂದೀನಿ."

"ಲೈನು ಏನೂ ಅನ್ನಂಗಿಲ್ಲ. ಅನ್ನಾವ್ರು ಕೊಪ್ಪಳದಾಗ ಕುಂತಾರ. ಕುಂದ್ರು, ಚಾ ಕುಡಿ ಮೊದ್ಲ."

ಹೆಡ್‌ಫೋನನ್ನು ಲೈನಿಗೆ ಜೋಡಿಸಿ ಕೂತೆ. ಬೆಳಗಿನ ಹೊತ್ತು ಲೈನು ಸದ್ದಿಲ್ಲದೆ ಮಲಗಿತ್ತು. ಊಟದ ಹೊತ್ತಿಗೆ ಕಿವಿಯಲ್ಲಿ 'ಗುಂಯ್' ಎಂದಿತು. ಸಣ್ಣಗೆ. ಸ್ವಲ್ಪ ತಡೆದು ಇನ್ನೊಂದು ಮೆಟ್ಟಿಲು ಏರಿತು. ಮತ್ತೊಂದು. ಯಾರೋ ದೂರದಲ್ಲಿ ಒಬ್ಬೊಬ್ಬರಾಗಿ ಹಾಡಲು ಸೇರಿಕೊಂಡ ಹಾಗೆ. ಗುಂಯ್‌ಗುಡುವುದು ಗಟ್ಟಿಯಾದಂತೆ ಪರದೆಯ ಮೇಲೆ ಚುಕ್ಕಿ ಬಾಣಗಳು ಶುರುವಾದವು.

ಟೆಲಿಫೋನ್ ಲೈನ್‌ಮನ್ ಖಾಜಾಸಾಬ ಅಲ್ಲೇ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ. "ನನ್ನ ತಾರು ಶುದ್ಧ ಅದಾವ ನೋಡ್ರಿ," ಎಂದ. "ಹಾಲಿನಂಗ. ಬೇಕಾದ್ರ ಕಂಬ ಹತ್ತಿ ಕೇಳಸ್ತೀನಿ, ನಡ್ರಿ."

ಇಬ್ಬರೂ ಸೈಕಲ್ ಹತ್ತಿ, ಕೊಪ್ಪಳದಿಂದ ನಮ್ಮ ಲೈನು ಬರುವ ಯಲಬುರ್ಗಾ ದಾರಿ ಹಿಡಿದೆವು. ಟೆಲಿಫೋನ್ ಕಂಬಗಳು ರಸ್ತೆಯ ಒಂದು ಬದಿ, ಕರೆಂಟಿನ ಕಂಬಗಳು ಅದರ ಪಕ್ಕದಲ್ಲೇ, ಊರಿಂದ ಊರಿಗೆ ಜೊತೆಯಾಗಿ ಹೊರಟಿದ್ದವು. ಖಾಜಾಸಾಬ ಒಂದು ಕಂಬ ಹತ್ತಿ ತನ್ನ ಫೋನು ತಗುಲಿಸಿ ಕಿವಿಗಿಟ್ಟ. "ಗುಂಯ್ ಅಂತೈತ್ರೀ! ಏರಾಕತ್ತೈತಿ! ಇನ್ನೂ ಏರ್ತು!"

ಆಗ ನನಗೆ ಕಂಬದ ಮೇಲಿನ ಸದ್ದಿನ ಜೊತೆಗೆ ನೆಲದ ಮೇಲಿನ ಇನ್ನೊಂದು ಸದ್ದು ಕೇಳಿಸಿತು. ಎಡಕ್ಕೆ ಒಂದು ಬಾವಿಯ ಪಂಪ್ ಚಾಲು ಆಯಿತು. ಸ್ವಲ್ಪ ಹೊತ್ತಿಗೆ ಆಚೆ ಹೊಲದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಅವು ಒಂದೊಂದಾಗಿ ಚಾಲು ಆದಂತೆ ಮೇಲಿಂದ ಖಾಜಾಸಾಬ, "ಏರ್ತ್ರೀ!" ಎನ್ನುತ್ತಿದ್ದ.

ಹತ್ತಿರದ ಬಾವಿಗೆ ಓಡಿದೆ. ದೊಡ್ಡಬಸಪ್ಪ ಅಂತ, ನಮ್ಮ ಸಂಸ್ಥೆಗೇ ಸಜ್ಜೆ ಬೀಜ ಬೆಳೆಯುವ ರೈತರು. ನನ್ನ ಹೆಗಲಲ್ಲಿ ಹೆಡ್‌ಫೋನು, ಹಿಂದೆ ಕಂಬದ ಮೇಲೆ ಒಬ್ಬ ಮನುಷ್ಯ. ನೋಡಿದ್ದೇ ಅವರು ಹೆಗಲ ಮೇಲಿನ ಕಂಬಳಿ ತೆಗೆದು ಮೋಟಾರಿನ ಬದಿಯ ಪೆಟ್ಟಿಗೆಯ ಮೇಲೆ ಒಗೆದರು.

"ಏನದು ಅಲ್ಲಿ, ಅಣ್ಣಾರ?"

"ಏನಿಲ್ಲರಿ. ಕಂಬಳಿ. ಒಣಾ ಹಾಕೀನಿ."

"ಕಂಬಳಿ ಗುಂಯ್ ಅಂತೈತೇನ್ರಿ?"

"ನೀವು ಕರೆಂಟ್ ಆಫೀಸಿನವರಾ, ಅಲ್ಲಾ?"

"ಅಲ್ರಿ. ಬೀಜದ ಆಫೀಸಿನಾಂವ. ನಿಮ್ಮ ರಿಸಲ್ಟು ಓದೋ ಲೈನಿನಾಂವ."

ದೊಡ್ಡಬಸಪ್ಪ ಕಂಬಳಿ ಎತ್ತಿದರು. ಅಡಿಯಲ್ಲಿ ಕಂಡೆನ್ಸರ್.

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ನೀರೆತ್ತುವ ಪಂಪಿಗೆ ಮೂರು ಫೇಸ್ ಕರೆಂಟ್ ಬೇಕು. ಮೂರೂ ಫೇಸ್ ಕೊಡುತ್ತಿದ್ದದ್ದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತು ಎರಡೇ. ಆ ಎರಡರಲ್ಲೇ ಮೋಟಾರನ್ನು ಒದ್ದು ಎಬ್ಬಿಸಲು ರೈತರು ಕಂಡೆನ್ಸರ್ ಕೂಡಿಸುತ್ತಿದ್ದರು. ಹಾಗೆ ಮಾಡುವಂತಿಲ್ಲ, ಸಿಕ್ಕರೆ ಕರೆಂಟ್ ಆಫೀಸಿನವರು ಕಿತ್ತುಕೊಂಡು ಹೋಗುತ್ತಿದ್ದರು. ಆದರೆ ಒಣಗುವ ಪೈರಿನ ಮುಂದೆ ಯಾರು ನಿಯಮ ಓದುತ್ತಾರೆ? ಮೂರು ಫೇಸ್ ಸಮನಾಗಿ ಓಡಿದಾಗ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ. ಎರಡರ ಮೇಲೆ ಕುಂಟುತ್ತ ಓಡಿದಾಗ ತೂಕ ತಪ್ಪಿ ಕರೆಂಟಿನ ಒಂದು ಪಾಲು ನೆಲ ಹಿಡಿದು ವಾಪಸ್ ಹೋಗುತ್ತದೆ, ಪಕ್ಕದ ಟೆಲಿಫೋನ್ ತಂತಿಯೆಲ್ಲ ಗುಂಯ್‌ಗುಡುತ್ತದೆ. ಮನುಷ್ಯ ಮಾತಾಡುವಾಗ ಆ ಸದ್ದನ್ನು ದಾಟಿ ಕೇಳಿಸಿಕೊಳ್ಳುತ್ತಾನೆ. ಮೋಡೆಮ್ಮಿಗೆ ಆ ಜಾಣತನ ಇಲ್ಲ.

ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕೂತಾಗ ಗಂಗಾವತಿಯ ರಹಸ್ಯವೂ ಬಿಚ್ಚಿಕೊಂಡಿತು. ಗಂಗಾವತಿಯಲ್ಲಿ ಕಾಲುವೆ ಇದೆ. ತೂಬು ಎತ್ತಿದರೆ ಗದ್ದೆಗೆ ನೀರು. ನಮ್ಮ ಲೈನಿನ ಪಕ್ಕದಲ್ಲಿ ಪಂಪ್ ಇಲ್ಲ, ಕಂಡೆನ್ಸರ್ ಇಲ್ಲ, ಗುಂಯ್ ಇಲ್ಲ. ಅಲ್ಲಿಯವರು ಶಾಣ್ಯಾರೂ ಅಲ್ಲ, ಇಲ್ಲಿಯವರು ದಡ್ಡರೂ ಅಲ್ಲ!

ಕುಣಿಯುತ್ತಲೇ ಡಿಪೋಗೆ ಬಂದೆ. ಶರಣಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ.

"ಇದನ್ನ ಹೋಗಿ ಸಾಹೇಬ್ರಿಗೆ ಹೇಳ್ತೀಯೇನು?"

"ಹೇಳಬೇಕಲ್ಲಕ್ಕಾ. ನಿಮ್ಮ ತಪ್ಪಲ್ಲ ಅಂತ ಗೊತ್ತಾಗಬೇಕಲ್ಲ."

"ಗೊತ್ತಾದ ಮ್ಯಾಲೆ ಅವರು ಏನ್ ಮಾಡ್ತಾರ? ಕರೆಂಟ್ ಆಫೀಸಿಗೆ ಒಂದು ಅರ್ಜಿ ಬರೀತಾರ. ಜೀಪು ಬರ್ತಾವ. ಇದ್ದಬದ್ದ ಕಂಡೆನ್ಸರ್ ಎಲ್ಲಾ ತುಂಬಿಕೊಂಡು ಹೋಗ್ತಾರ. ಲೈನು ಶುದ್ಧ ಆಗತೈತಿ, ಖರೇ. ಬೀಜದ ಪೈರು ಒಣಗಿದ ಮ್ಯಾಲೆ ನಾ ಯಾರ ರಿಸಲ್ಟು ಓದ್ಲೋ ತಮ್ಮಾ?"

ನನ್ನ ಕಿವಿಗೆ ಸಿಕ್ಕ ಜಾಣತನ ರೈತರ ಕುತ್ತಿಗೆಗೆ ಹಗ್ಗವಾಗುತ್ತಿತ್ತು. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಖಾಜಾಸಾಬನಿಗೂ ಹೇಳಿದೆವು. "ನಾ ಕಂಬ ಹತ್ತೇ ಇಲ್ರಿ, ನಂಗ ಮೊಣಕಾಲು ನೋವು," ಎಂದ ಅವನು.

ಆದರೆ ಮಷಿನ್ನೂ ಬಿಟ್ಟುಕೊಡುವಂತಿಲ್ಲ. ಪೋಸ್ಟ್ ಆಫೀಸಿನಿಂದ ಹೈದರಾಬಾದಿಗೆ ಟ್ರಂಕ್ ಕಾಲ್ ಹಾಕಿ ರಾವ್ ಅವರನ್ನು ಹಿಡಿದೆ. ಕಾರಣ ಹೇಳಲಿಲ್ಲ, ಲೈನಿನಲ್ಲಿ ಸದ್ದು ಇದೆ, ತೆಗೆಯಲು ಆಗುವುದಿಲ್ಲ ಎಂದೆ.

"ನೋಡಪ್ಪಾ," ಎಂದರು ಅವರು, "ತಪ್ಪು ಬರದ ಹಾಗೆ ಮಾಡೋದು ನಿನ್ನ ಕೈಲಿ ಇಲ್ಲ. ತಪ್ಪು ಬಂತು ಅಂತ ಗೊತ್ತಾಗೋ ಹಾಗೆ ಮಾಡೋದು ನಿನ್ನ ಕೈಲಿದೆ. ಗೊತ್ತಾದರೆ ಮತ್ತೆ ಕೇಳು. ಸರಿಯಾಗಿ ಬರೋವರೆಗೂ ಕೇಳು."

ಅದಕ್ಕೆ ನಾನು ಬರೆದ ಪ್ರೋಗ್ರಾಮಿನ ಉಪಾಯ ಇದು: ಹೆಸರು, ಮೊಳಕೆ, ಪಾಸು-ಫೇಲು, ಇವನ್ನೆಲ್ಲ ಚಿಕ್ಕ ಚಿಕ್ಕ ತುಂಡು ಮಾಡುವುದು. ಪ್ರತಿ ತುಂಡಿನ ಬಾಲಕ್ಕೆ ಅದರ ಅಕ್ಷರಗಳಿಗೆ ಮಷಿನ್ ಕೊಡುವ ಸಂಖ್ಯೆಗಳನ್ನು ಕೂಡಿಸಿದ ಮೊತ್ತ ಕಟ್ಟಿ ಕಳಿಸುವುದು. ಈ ಕಡೆ ಮಷಿನ್ ಮತ್ತೆ ಕೂಡಿಸಿ ನೋಡಬೇಕು. ಮೊತ್ತ ತಾಳೆಯಾಗದಿದ್ದರೆ ಆ ತುಂಡನ್ನು ಪರದೆಗೆ ಬಿಡದೆ, ಇನ್ನೊಮ್ಮೆ ಕಳಿಸು ಅನ್ನಬೇಕು. ಜೊತೆಗೆ ವೇಗವನ್ನು ಸಾವಿರದ ಇನ್ನೂರರಿಂದ ಮುನ್ನೂರಕ್ಕೆ ಇಳಿಸಿದೆ. ನಿಧಾನವಾಗಿ ಆಡಿದ ಮಾತು ಗದ್ದಲದಲ್ಲೂ ಕೇಳಿಸುತ್ತದೆ, ಅಷ್ಟೇ ತತ್ತ್ವ. ಬರೆದೆ, ಕೆಡಿಸಿದೆ, ಮತ್ತೆ ಬರೆದೆ. ಶರಣಮ್ಮನಿಗೆ ವಿವರಿಸಲು ಹೋದರೆ ಅವರೇ ನನಗಿಂತ ಚೆನ್ನಾಗಿ ಹೇಳಿದರು.

"ಹೊಲದಾಗ ಆ ದಂಡಿಯಿಂದ ಯಾರರ ಕೂಗಿದ್ರ, ಕೇಳದಿದ್ರ ನಾವು 'ಆಂ?' ಅಂತೀವಿ. ನೀ ಮಷಿನ್ನಿಗೆ 'ಆಂ?' ಅನ್ನೋದು ಕಲಿಸಿದಿ. ಹೌದಲ್ಲೋ?"

ಹೌದು. ಅವತ್ತಿನಿಂದ ಆ ಪ್ರೋಗ್ರಾಮಿನ ಹೆಸರೇ 'ಆಂ' ಆಯಿತು.

ಅದರ ಅರ್ಧ ಭಾಗವನ್ನು ಕೊಪ್ಪಳದ ದೊಡ್ಡ ಮಷಿನ್ನಿಗೂ ಹಾಕಬೇಕಿತ್ತು. ದೇಸಾಯಿ ಸಾಹೇಬರನ್ನು ಕೇಳಿದೆ.

"ಏನಂದಿ? ಸ್ಪೀಡ್ ಇಳಸ್ತೀಯಾ? ಹೊರಗ ಬೋರ್ಡ್ ನೋಡಿಲ್ಲೇನು? ಹೈ ಸ್ಪೀಡ್ ಲೈನ್ ತಂದು ಕುಂಟಸ್ತೀಯೇನಲೇ?"

"ಓಡಿ ಬೀಳೋದಕ್ಕಿಂತ ನಡದು ಮುಟ್ಟೋದು ಛಲೋ ಅಲ್ರಿ ಸಾಹೇಬ್ರ?"

"ಬ್ಯಾಡ ಅಂದ್ರ ಬ್ಯಾಡ."

ಹಾಕಿದೆ. ಅವರು ಊಟಕ್ಕೆ ಹೋದಾಗ ಹಾಡಹಗಲೇ ಹಾಕಿದೆ. ಗಂಗಾವತಿಯ ಲೈನು ಇದ್ದ ಹಾಗೇ ಇರಲಿ, ಕುಷ್ಟಗಿ ಕೇಳಿದರೆ ಮಾತ್ರ ನಿಧಾನವಾಗಿ ಉತ್ತರಿಸಲಿ ಅಂತ. ಅಪ್ಪಣೆ ಮೀರಿದ್ದು ತಪ್ಪು ಎಂದು ಆಮೇಲೆ ಎಷ್ಟೋ ಜನ ನನಗೆ ಬುದ್ಧಿ ಹೇಳಿದ್ದಾರೆ. ಈಗಲೂ ನನಗೆ ಹಾಗೆ ಅನ್ನಿಸುವುದಿಲ್ಲ. ಮಷಿನ್ ಕೆಲಸ ಮಾಡಲಿ ಅಂತ ನನ್ನನ್ನು ಇಟ್ಟುಕೊಂಡಿದ್ದರು. ನಾನು ಅದನ್ನೇ ಮಾಡಿದೆ.

ಅಧಿಕಾರಿಗಳು ಬರುವ ದಿನ ಬಂತು. ದೇಸಾಯಿ ಸಾಹೇಬರು ಅವರನ್ನು ಬೆಳಿಗ್ಗೆ ಗಂಗಾವತಿಗೆ ಕರೆದೊಯ್ದು ತೋರಿಸಿ, ಊಟ ಮಾಡಿಸಿ, ಮಧ್ಯಾಹ್ನಕ್ಕೆ ಕುಷ್ಟಗಿಗೆ ತರುವುದೆಂದು ಗೊತ್ತುಮಾಡಿದ್ದರು. ಕಾರಣ ಗೊತ್ತಿರದಿದ್ದರೂ ಕುಷ್ಟಗಿಯಲ್ಲಿ ಲೈನು ಹಾಳಾಗುವ ಹೊತ್ತು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ದೊಡ್ಡಬಸಪ್ಪ ಮುಂಚೆಯೇ ಡಿಪೋಗೆ ಬಂದಿದ್ದರು, ಇನ್ನೂ ಕೆಲವು ರೈತರೊಂದಿಗೆ. "ತಂಗೀ," ಎಂದರು ಶರಣಮ್ಮನಿಗೆ, "ನಮ್ಮ ದಾರಿ ಮಂದಿಗೆಲ್ಲಾ ಹೇಳೀನಿ. ಸಾಹೇಬ್ರು ಇರೋ ತನಕ ಯಾರೂ ಮೋಟಾರ್ ಚಾಲು ಮಾಡಂಗಿಲ್ಲ. ನಿನ್ನ ಲೈನು ಶುದ್ಧ ಇರತೈತಿ."

ನಿಜ ಹೇಳುತ್ತೇನೆ, ನನ್ನ ಎದೆ ಹಗುರಾಯಿತು. ಶರಣಮ್ಮ ಮಾತ್ರ ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ ಅಣ್ಣಾರ. ಇವತ್ತೇನೋ ಬಂದ್ ಮಾಡ್ತೀರಿ. ನಾಳೆ? ಮಷಿನ್ ಉಳದ್ರ ನಿಮ್ಮ ಮೋಟಾರ್ ಓಡೂಮುಂದನ ಉಳೀಬೇಕು. ಹೋಗಿ ಚಾಲು ಮಾಡಸ್ರಿ."

"ಅಲ್ಲವಾ, ನಿನ್ನ ನೌಕರಿ..."

"ನನ್ನ ನೌಕರಿ ನಾ ನೋಡಿಕೊಂತೀನಿ. ನಿಮ್ಮ ನೀರು ನೀವು ನೋಡಿಕೋರಿ."

ಒಬ್ಬ ರೈತನನ್ನು ಸೈಕಲ್ ಮೇಲೆ ಕಳಿಸಿ ದೊಡ್ಡಬಸಪ್ಪ ಕಟ್ಟೆಯ ಮೇಲೆ ಕೂತರು. ಅಧಿಕಾರಿಗಳ ಜೀಪು ಬಂದು ನಿಲ್ಲುವ ಹೊತ್ತಿಗೆ ನನ್ನ ಹೆಡ್‌ಫೋನಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗುಂಯ್ ಏರಿತ್ತು.

ದೊಡ್ಡ ಅಧಿಕಾರಿಯ ಕೈಯಲ್ಲಿ ಒಂದು ಹಾಳೆ ಇತ್ತು. ಹಿಂದಿನ ಸಂಜೆ ಕೊಪ್ಪಳದಲ್ಲಿ ಡಿಸ್ಕಿನಿಂದ ಅಚ್ಚು ಹಾಕಿಸಿ ದೇಸಾಯಿ ಸಾಹೇಬರು ಕೊಟ್ಟದ್ದು. ಶರಣಮ್ಮ ಪರದೆ ನೋಡಿ ಓದಬೇಕು, ಅವರು ಹಾಳೆಯ ಮೇಲೆ ಗುರುತು ಹಾಕಬೇಕು. ಶರಣಮ್ಮ ಕೀಲಿ ಒತ್ತಿದರು. ಪರದೆ ಸುಮ್ಮನಿತ್ತು. ಆಮೇಲೆ ಒಂದು ಹೆಸರು ತುಂಡು ತುಂಡಾಗಿ ಬಂತು. ಮತ್ತೆ ಸುಮ್ಮನೆ. ಒಳಗೆ 'ಆಂ' ನಡೆದಿತ್ತು, ಕೇಳುತ್ತಿತ್ತು, ಮತ್ತೆ ಕೇಳುತ್ತಿತ್ತು.

"ಇದೇನಾ ದೇಸಾಯಿಯವರೇ ನಿಮ್ಮ ಹೈ ಸ್ಪೀಡು?" ಎಂದರು ಅಧಿಕಾರಿ.

"ಗಂಗಾವತಿ ನೋಡಿದ್ರಲ್ಲ ಸರ್. ಇಲ್ಲಿ ಮಂದಿನ ಹಿಂಗ."

ಶರಣಮ್ಮ ಕತ್ತು ತಿರುಗಿಸಲಿಲ್ಲ. ಒಂದೊಂದೇ ಸಾಲು ಓದುತ್ತ ಹೋದರು. ಒಂದು ಚುಕ್ಕಿ ಇಲ್ಲ, ಒಂದು ಬಾಣ ಇಲ್ಲ. ಅಧಿಕಾರಿಯ ಪೆನ್ನು ಗುರುತು ಹಾಕುತ್ತ ಇಳಿಯಿತು. ಹಾಳೆ ಮುಗಿಯಲು ಬಂದಿತ್ತು.

"ದೊಡ್ಡಬಸಪ್ಪ, ಸಜ್ಜೆ. ಪಾಸು."

ಪೆನ್ನು ನಿಂತಿತು. "ಇಲ್ಲಿ ಫೇಲ್ ಅಂತಿದೆಯಲ್ಲಮ್ಮಾ."

ದೇಸಾಯಿ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿದ್ರಾ ಸರ್? ಇದನ್ನ ನಾ ಹೇಳಾಕತ್ತಿದ್ದು. ಫೇಲ್ ಇದ್ದದ್ದು ಪಾಸ್ ಅಂತ ಓದತೈತಿ!"

ಕಟ್ಟೆಯ ಮೇಲೆ ದೊಡ್ಡಬಸಪ್ಪ ಎದ್ದು ನಿಂತಿದ್ದರು. ನನ್ನ ಪ್ರೋಗ್ರಾಂ ತಪ್ಪು ತುಂಡನ್ನು ಒಳಗೆ ಬಿಟ್ಟಿತೇ? ಶರಣಮ್ಮ ಮತ್ತೊಮ್ಮೆ ಕೀಲಿ ಒತ್ತಿದರು. ಎಲ್ಲರೂ ಕಾದೆವು. ತುಂಡು ತುಂಡಾಗಿ ಅದೇ ಸಾಲು ಬಂತು.

"ಪಾಸು ಅಂತ ಐತ್ರಿ," ಎಂದರು. "ನೂರು ಸಲ ಕೇಳಿದ್ರೂ ಅದನ್ನ ಹೇಳತೈತಿ. ನಿಮ್ಮ ಹಾಳಿ ನಿನ್ನೀದು ಐತ್ರಿ. ಇದು ಈಗಿಂದು. ಲ್ಯಾಬಿಗೆ ಫೋನ್ ಹಚ್ರಿ ಬೇಕಾದ್ರ."

ಅಧಿಕಾರಿ ತಾವೇ ಫೋನು ಎತ್ತಿದರು. ಆ ಕಡೆಯ ಮಾತು ನಮಗೆ ಕೇಳಲಿಲ್ಲ. ಅವರು, "ಹೌದಾ... ಇವತ್ತು ಬೆಳಿಗ್ಗೆಯಾ... ಎರಡನೇ ಸ್ಯಾಂಪಲ್ಲಾ... ಸರಿ," ಎಂದು ಇಟ್ಟರು. ಮೊದಲ ಸ್ಯಾಂಪಲ್ಲಿಗೆ ನೀರು ಹೆಚ್ಚಾಗಿ ಮೊಳಕೆ ಕೊಳೆತಿದ್ದವು, ಲ್ಯಾಬಿನವರು ಎರಡನೇ ಸಲ ಇಟ್ಟು ಅವತ್ತು ಬೆಳಿಗ್ಗೆ ಹೊಸ ಫಲಿತಾಂಶ ಡಿಸ್ಕಿಗೆ ಹಾಕಿದ್ದರು. ಹಾಳೆ ಅದನ್ನು ಕಂಡೇ ಇರಲಿಲ್ಲ.

ಅವರು ಹಾಳೆಯ ಮೇಲಿನ 'ಫೇಲ್' ಹೊಡೆದುಹಾಕಿ ಪಾಸು ಎಂದು ಬರೆದರು. ಕಾಗದವನ್ನು ನೋಡಿ ಮಷಿನ್ನನ್ನು ತಿದ್ದಲು ಬಂದವರು ಮಷಿನ್ ನೋಡಿ ಕಾಗದ ತಿದ್ದಿದರು. ದೊಡ್ಡಬಸಪ್ಪ ಕಟ್ಟೆಯ ಮೇಲೆ ಕೂತು ತಲೆಗೆ ಸುತ್ತಿದ್ದ ಪಟಗದ ತುದಿಯಿಂದ ಮುಖ ಒರೆಸಿಕೊಂಡರು.

ಮಷಿನ್ ಇರಲಿ ಎಂದರು ಅಧಿಕಾರಿ. ಯಲಬುರ್ಗಾದ ಪೆಟ್ಟಿಗೆಯನ್ನೂ ಬಿಚ್ಚಿ ಎಂದರು. ದೇಸಾಯಿ ಸಾಹೇಬರು ಆಮೇಲೆ ರಿಪೋರ್ಟಿನಲ್ಲಿ, 'ಆಪರೇಟರ್ ತಪ್ಪನ್ನು ಸರಿಪಡಿಸಲಾಗಿದೆ' ಎಂದು ಬರೆದರು. ಬರೆದುಕೊಳ್ಳಲಿ.

ಜೀಪು ಹತ್ತುವ ಮುಂಚೆ ಅಧಿಕಾರಿ ಬಾಗಿಲಲ್ಲಿ ತಿರುಗಿ ನಿಂತು, "ಅದಿರಲಿ ಅಮ್ಮಾ, ಗಂಗಾವತೀಲಿ ಅಷ್ಟು ಬೇಗ ಬರುತ್ತೆ, ಇಲ್ಲಿ ಯಾಕೆ ಇಷ್ಟು ನಿಧಾನ?" ಎಂದು ಕೇಳಿದರು.

ನಾನು ಖಾಜಾಸಾಬನನ್ನು ನೋಡಿದೆ. ಖಾಜಾಸಾಬ ತನ್ನ ಮೊಣಕಾಲು ನೋಡಿಕೊಂಡ.

"ಅಲ್ಲಿ ಕಾಲುವಿ ಐತ್ರಿ ಸಾಹೇಬ್ರ," ಎಂದರು ಶರಣಮ್ಮ. "ಇಲ್ಲಿ ಬಾವಿ ಅದಾವ್ರಿ."

ಅಧಿಕಾರಿ ಹಳ್ಳಿ ಮಾತು ಎಂದು ಜೋರಾಗಿ ನಕ್ಕು ಜೀಪು ಹತ್ತಿದರು. ನಾವು ಯಾರೂ ಬಿಡಿಸಿ ಹೇಳಲಿಲ್ಲ.

ಇವತ್ತು ಹೇಳಿದ್ದೇನೆ. ಈಗ ನಿಮ್ಮ ಸರದಿ. ಪೇಡೆ ತಂದ ನಮ್ಮ ಓಣಿಯ ಹುಡುಗಿಯಿಂದ ಹಿಡಿದು ನಿವೃತ್ತಿಯಾಗಿ ಕಟ್ಟೆ ಹಿಡಿದವರವರೆಗೆ ಎಲ್ಲರನ್ನೂ ಕೇಳುತ್ತಿದ್ದೇನೆ. ನಿಮ್ಮ ಕೆಲಸದಲ್ಲಿ ಕೆಟ್ಟದ್ದು ಯಾವುದು, ತಪ್ಪನ್ನು ಯಾರ ತಲೆಗೆ ಕಟ್ಟಿದ್ದರು, ನಿಜವಾದ ಕಾರಣ ಯಾವ ಹೊಲದ ಯಾವ ಕಂಬಳಿಯ ಅಡಿಯಲ್ಲಿ ಸಿಕ್ಕಿತು? ಕೆಳಗೆ ಬರೆಯಿರಿ. ನಿಧಾನವಾಗಿ ಬರೆದರೂ ನಡೆಯುತ್ತದೆ, ನನಗೆ ಕಾದು ಓದಿ ಅಭ್ಯಾಸವಿದೆ.